ಮಾಗಿಯ ಚಳಿ, ಮುಚ್ಚಿದ ಕೋಣೆ

ಧನುರ್ಮಾಸದ ನಸುಕಿನಲ್ಲಿ ಶ್ರೀರಂಗಪಟ್ಟಣದ ರಂಗನಾಥಸ್ವಾಮಿಯ ಗುಡಿಗೆ ಹೊರಟವರಿಗೆ ಎಷ್ಟೋ ದಿನ ಕಾವೇರಿ ಕಾಣುವುದೇ ಇಲ್ಲ; ನದಿಯಿದ್ದೆಡೆಯಲ್ಲಿ ಬಿಳಿಯ ಮಂಜು ಹಾಸಿರುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದಲ್ಲಿ ಗಾಳಿ ಕಿವಿಯನ್ನು ಕೊರೆಯುತ್ತದೆ. ಕೃಷ್ಣರಾಜಪೇಟೆಯ ಹೇಮಾವತಿ ದಂಡೆಯಲ್ಲಿ, ನಾಗಮಂಗಲದ ರಾಗಿಯ ಕಣಗಳಲ್ಲಿ, ಕಂಬಳಿ ಹೊದ್ದವರು ಕಸಕಡ್ಡಿ ಕೂಡಿಸಿ ಬೆಂಕಿ ಕಾಯಿಸುತ್ತ ಕುಳಿತಿರುತ್ತಾರೆ.

ಕಾಶ್ಮೀರದವರು ಕೇಳಿದರೆ ಇದನ್ನು ಚಳಿಯೆಂದು ಒಪ್ಪಲಾರರು. ಹವಾಮಾನ ಇಲಾಖೆಯ ಲೆಕ್ಕದಲ್ಲಿಯೂ, ಮೈದಾನ ಪ್ರದೇಶದ ಕನಿಷ್ಠ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಮಾತ್ರ ಅದು ಶೀತದ ಅಲೆ. ಇಲ್ಲಿ ಅಂತಹ ರಾತ್ರಿಗಳು ಅಪರೂಪ. ಬೆಂಗಳೂರಿನ ದಾಖಲೆಯಲ್ಲಿಯೇ ಅತಿ ಕಡಿಮೆಯೆನಿಸಿದ ಉಷ್ಣತೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ. ಆದರೆ ಶೀತದೇಶಗಳ ಮನೆಗಳನ್ನು ಚಳಿಗೆಂದೇ ಕಟ್ಟಿರುತ್ತಾರೆ. ನಮ್ಮ ಮನೆಗಳನ್ನು ಬೇಸಗೆಗೆಂದು ಕಟ್ಟಿದ್ದೇವೆ. ಆದಕಾರಣ ಹಸುಗೂಸು, ಬಾಣಂತಿ, ಮುದುಕರು ಇರುವ ಮನೆಯಲ್ಲಿ ಮಾಗಿಯ ಎರಡು ತಿಂಗಳನ್ನು ಹಗುರವಾಗಿ ಕಾಣುವಂತಿಲ್ಲ.

ಚಳಿ ಎಲ್ಲಿಂದ ಬರುತ್ತದೆ?

ಮಳೆಗಾಲ ಮುಗಿದ ಮೇಲೆ ಆಕಾಶ ನಿರ್ಮಲವಾಗುತ್ತದೆ. ಮೋಡವೆಂಬ ಹೊದಿಕೆಯಿಲ್ಲದ ರಾತ್ರಿ, ನೆಲವು ಹಗಲಿನಲ್ಲಿ ಕುಡಿದ ಬಿಸಿಲಿನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಆದುದರಿಂದಲೇ ನಡುರಾತ್ರಿಗಿಂತ ಸೂರ್ಯೋದಯಕ್ಕೆ ಮುಂಚಿನ ಗಳಿಗೆಯಲ್ಲಿ ಚಳಿ ಹೆಚ್ಚು. ಹಳೆಯ ತೊಟ್ಟಿಮನೆಯ ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಒಳಕ್ಕೆ ಬಿಡುತ್ತಿತ್ತು. ತಗಡಿನ ಸೂರಿಗೆ ಆ ಗುಣವಿಲ್ಲ. ಮಧ್ಯಾಹ್ನ ಸುಡುವ ತಗಡು ಇರುಳಿನಲ್ಲಿ ಬೇಗನೆ ತಣ್ಣಗಾಗುತ್ತದೆ.

ಉಷ್ಣಮಾಪಕವಿಲ್ಲದ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಶೀಷೆಯೇ ಮೊದಲ ಸೂಚನೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟತೊಡಗುತ್ತದೆ. ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆಯಿತ್ತಿದೆ.

ಇದಕ್ಕೆ ದೊಡ್ಡ ಖರ್ಚು ಬೇಡ. ಬೆಳಗ್ಗೆ ಬಿಸಿಲೇರಿದೊಡನೆ ಕಿಟಕಿಗಳನ್ನು ತೆರೆದು, ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹಾಕಬೇಕು. ಸಂಜೆ ಹೊತ್ತು ಮುಳುಗುವ ಮೊದಲೇ ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಬೇಕು. ಕಲ್ಲಿನ ನೆಲವಾಗಲಿ ಕಾವಿಯ ನೆಲವಾಗಲಿ ಮೈಯ ಶಾಖವನ್ನು ಹೀರುತ್ತದೆ. ಬರಿಯ ಚಾಪೆ ಸಾಲದು, ಕೆಳಗೊಂದು ಜಮಖಾನವೋ ಹಳೆಯ ಕಂಬಳಿಯೋ ಇರಲಿ. ಒಂದು ದಪ್ಪ ಹೊದಿಕೆಗಿಂತ ಎರಡು ತೆಳುವಾದ ದುಪ್ಪಟಿಗಳು ಎಷ್ಟೋ ಸಲ ಹೆಚ್ಚು ಬೆಚ್ಚಗಿರುತ್ತವೆ. ನಡುವೆ ಸಿಕ್ಕ ಗಾಳಿಯೇ ಶಾಖವನ್ನು ಕಾಯುತ್ತದೆ. ಕುರಿಯ ಉಣ್ಣೆಯ ಕರಿ ಕಂಬಳಿಯ ಗುಟ್ಟೂ ಇದೇ.

ಅಗ್ಗಿಷ್ಟಿಕೆಯ ಅಪಾಯ

ಈ ಸೀಮೆಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಗಾಳಿ ಸೋಕಬಾರದೆಂಬ ಕಟ್ಟುನಿಟ್ಟು ಬಹಳ ಹಳೆಯದು. ಕಿಟಕಿ ಬಾಗಿಲು ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿ, ಮಂಚದ ಬಳಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿಯ ಹೊಗೆ ಹಾಕುವುದು ವಾಡಿಕೆ. ಹಿರಿಯರ ಮಮತೆಯಿಂದ ಬಂದ ಈ ಪದ್ಧತಿಯಲ್ಲಿಯೇ ಪ್ರಾಣಾಪಾಯ ಅಡಗಿದೆ. ಹಳೆಯ ಮನೆಯ ನಾಡಹೆಂಚಿನ ಸಂದುಗಳಿಂದ ಗಾಳಿ ತಾನಾಗಿಯೇ ಆಡುತ್ತಿತ್ತು. ಇಂದಿನ ತಾರಸಿ ಮನೆಯ ಬಿಗಿಯಾದ ಕೋಣೆಯಲ್ಲಿ ಆ ದಾರಿಯಿಲ್ಲ.

ಕೆಂಡ ಉರಿಯಲು ಸಾಕಷ್ಟು ಆಮ್ಲಜನಕ ದೊರೆಯದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ತಲೆಸುತ್ತು, ಬಳಿಕ ಮಂಪರು. ನಿದ್ರೆಯಲ್ಲಿರುವವರಿಗೆ ಈ ಎಚ್ಚರಿಕೆಗಳೂ ತಿಳಿಯುವುದಿಲ್ಲ. ಹೊಗೆ ಅಡಗಿ ಕೆಂಡ ಕೆಂಪಗೆ ನಿಗಿನಿಗಿ ಎನ್ನುವಾಗ ಭಯವಿಲ್ಲವೆಂದು ತಿಳಿಯುವುದು ತಪ್ಪು. ಹೊಗೆಯಿಲ್ಲದ ಇದ್ದಿಲೂ ಈ ಅನಿಲವನ್ನು ಸೂಸುತ್ತದೆ. ಗಾಳಿಯಾಡದ ಬಚ್ಚಲುಮನೆಯೊಳಗೆ ಉರಿಯುವ ಗ್ಯಾಸ್ ಗೀಸರಿನಲ್ಲಿಯೂ ಇದೇ ಅಪಾಯವಿದೆ.

ಕೋಣೆಯನ್ನು ಬೆಚ್ಚಗೆ ಮಾಡಲೇಬೇಕೆಂದಿದ್ದರೆ, ಕಿಟಕಿ ತೆರೆದಿರುವಾಗಲೇ ಕಾಯಿಸಿ, ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಮನೆಯ ಹೊರಗಿಡಬೇಕು. ಯಾರಿಗಾದರೂ ಮಂಪರು ಕವಿದಂತೆ ಕಂಡರೆ ಬಾಗಿಲುಗಳನ್ನು ತೆರೆದು, ಅವರನ್ನು ಕೂಡಲೇ ಬಯಲಿಗೆ ತಂದು, 108ಕ್ಕೆ ಕರೆ ಮಾಡಬೇಕು. ಅವರಿಗೆ ಬೇಕಾದ ಔಷಧ ಆಸ್ಪತ್ರೆಯ ಆಮ್ಲಜನಕವೇ.

ತಾಯಿಯ ಎದೆಯೇ ಅಗ್ಗಿಷ್ಟಿಕೆ

ಹಾಗಾದರೆ ಹಸುಗೂಸಿಗೆ ಬಿಸುಪು ಹೇಗೆ? 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯರು ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆಯೆಂದು ಹೆಸರಾದ ಆ ಕ್ರಮ ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಇದೆ. ತಲೆಗೊಂದು ಕುಲಾವಿ, ಕಾಲಿಗೆ ಚೀಲ, ತಾಯಿಯ ಮೈಯ ಕಾವು, ಮೇಲೊಂದು ಹೊದಿಕೆ ಮತ್ತು ಎದೆಹಾಲು: ಇಷ್ಟಿದ್ದರೆ ಕೆಂಡ ಬೇಡ. ಕೂಸಿನ ಅಂಗಾಲಿನೊಡನೆ ಹೊಟ್ಟೆಯೂ ತಣ್ಣಗಿದ್ದರೆ ತಡಮಾಡದೆ ಎದೆಗಪ್ಪಿಕೊಂಡು ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಮುದುಕರಿಗೆ ಚಳಿ ಅರಿವಾಗುವುದೇ ತಡವಾಗಿ. ಅವರನ್ನು ಬೆಳಗಿನ ಜಾವದ ಸ್ನಾನಕ್ಕೆ ಅವಸರಪಡಿಸದೆ, ಹಂಡೆಯ ನೀರು ಕಾದು ಬಿಸಿಲು ಬಂದ ಮೇಲೆ ಮೀಯಿಸುವುದು ಲೇಸು. ಬಿಸಿನೀರಿನ ಚೀಲ ಕೊಡುವುದಾದರೆ ಬಟ್ಟೆ ಸುತ್ತಿ ಕೊಡಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸುಟ್ಟದ್ದೂ ತಿಳಿಯದೆ ಹೋಗಬಹುದು.

ಊಟದ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಿಸಿ ರಾಗಿಮುದ್ದೆ, ಹುರುಳಿಯ ಸಾರು, ಸೊಗಡಿನ ಅವರೆಕಾಯಿ, ಮೆಣಸು ತುಪ್ಪ ಬೆರೆತ ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳುಬೆಲ್ಲ ಇವೆಲ್ಲ ಕಾಲವರಿತ ಆಹಾರಗಳೇ.

ಶಿವರಾತ್ರಿಗೆ ಚಳಿಯು ಶಿವಶಿವಾ ಎನ್ನುತ್ತ ಓಡಿಹೋಗುವುದೆಂದು ಗಾದೆಯುಂಟು. ಅಲ್ಲಿಯ ತನಕ ಮನೆಯಲ್ಲಿ ಹೊದಿಕೆ ಒಂದು ಹೆಚ್ಚಿರಲಿ. ಕಿಟಕಿಯ ಒಂದು ರೆಕ್ಕೆ ಮಾತ್ರ ತುಸು ತೆರೆದೇ ಇರಲಿ.