ಎಮರ್ಜೆನ್ಸಿಯಲ್ಲಿ ರೋಗಿ ಕೈ ಎತ್ತಿದಾಗ

ರಾತ್ರಿ ಮಾರೇನಹಳ್ಳಿಯಿಂದ ಆಟೋದಲ್ಲಿ ಅಪ್ಪನನ್ನು ಎಮರ್ಜೆನ್ಸಿಗೆ ಕರ್ಕೊಂಡು ಹೋಗ್ತೀರಿ. ಮೈಯೆಲ್ಲಾ ಬೆವರು, ಮಾತು ತೊದಲು, ಹತ್ತಿರ ಬಂದ ಸಿಸ್ಟರ್‌ನ ತಳ್ಳಿ ಬೈತಿದ್ದಾರೆ. ನೋಡಿದವರು ‘ಕುಡಿದಿದ್ದಾರೆ’ ಅಂತಾರೆ. ಅನುಭವಿ ಸಿಸ್ಟರ್ ಮೊದಲು ಬೆರಳು ಚುಚ್ಚಿ ಗ್ಲೂಕೋಮೀಟರ್ ನೋಡ್ತಾರೆ. 70ಕ್ಕಿಂತ ಕೆಳಗಿದ್ರೆ ಲೋ ಶುಗರ್. ಅದು ತೀರಾ ಇಳಿದ್ರೆ ಮಿದುಳಿಗೆ ಗ್ಲೂಕೋಸ್ ಸಾಲದೆ ಮನುಷ್ಯ ಹಿಡಿತ ಕಳ್ಕೊಳ್ತಾನೆ. ನರಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟ ಕೆಲವೇ ನಿಮಿಷಕ್ಕೆ ‘ಎಲ್ಲಿದ್ದೀನಿ ಸಿಸ್ಟರ್?’ ಅಂತ ಕೇಳಬಹುದು. ತಲೆಪೆಟ್ಟು, ಆಕ್ಸಿಜನ್ ಕೊರತೆ, ದಿಢೀರನೆ ಕುಡಿತ ಬಿಟ್ಟಿದ್ದು, ಇವೂ ಹೀಗೇ ಕೆರಳಿಸುತ್ತವೆ.

ಆ ಹೊತ್ತಲ್ಲಿ ಸಿಸ್ಟರ್ ಬಾಗಿಲ ಕಡೆಗೇ ನಿಲ್ತಾರೆ, ರೋಗಿಯ ಕೈಗೆ ಸಿಗದಷ್ಟು ದೂರ. ಕತ್ತರಿ, ಡ್ರಿಪ್ ಸ್ಟ್ಯಾಂಡ್ ಸರಿಸ್ತಾರೆ. ತಗ್ಗಿದ ದನಿಯಲ್ಲಿ ಒಬ್ಬರೇ ಮಾತಾಡ್ತಾರೆ. ನೀವು ಸುತ್ತ ನಿಂತು ಕೂಗಬೇಡಿ. ಇನ್ಸುಲಿನ್ ತಗೊಳ್ಳೋರಾದ್ರೆ ಎಷ್ಟೊತ್ತಿಗೆ ತಗೊಂಡ್ರು, ಊಟ ಆಗಿತ್ತಾ, ಅದನ್ನ ಹೇಳಿ.

ರೋಗಿಗೆ ಅರಿವಿಲ್ಲ, ಸರಿ. ಜೊತೆಗೆ ಬಂದವರಿಗೆ ಇದೆಯಲ್ಲ? ಸಿಸ್ಟರ್ ಮೇಲೆ ಕೈ ಮಾಡಿದ್ರೆ ಕರ್ನಾಟಕದ 2009ರ ಕಾಯ್ದೆ ಪ್ರಕಾರ ಅದು ಜಾಮೀನುರಹಿತ ಅಪರಾಧ, ಜೈಲೂ ಆಗಬಹುದು. ಆಸ್ಪತ್ರೆಯ ಯಂತ್ರ ಒಡೆದ್ರೆ ಬೆಲೆಯ ಎರಡರಷ್ಟು ಪರಿಹಾರ. ಏಟು ತಿಂದ ಸಿಸ್ಟರ್ ‘ಇದೆಲ್ಲಾ ಮಾಮೂಲಿ’ ಅಂತ ಸುಮ್ಮನಾಗೋದು ನನಗೆ ಒಪ್ಪಿಗೆಯಿಲ್ಲ. ಆಸ್ಪತ್ರೆಯವರೇ ಮುಂದೆ ನಿಂತು ದೂರು ಕೊಡಬೇಕು, ಅದೇ ರಾತ್ರಿ.