ರಸ್ತೆಯ ಮೇಲಿನ ರಾಗಿಯೂ ಕಾರಿನ ಬ್ರೇಕೂ

ಸುಗ್ಗಿ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ. ರಾಗಿ, ಹುರುಳಿ ಹರಡಿಬಿಟ್ಟರೆ ಬಸ್ಸು, ಲಾರಿ, ಕಾರುಗಳು ರೋಣಗಲ್ಲಿನ ಕೆಲಸ ಮಾಡುತ್ತವೆ. ಕಣ ಮಾಡಿ ಸಗಣಿ ಸಾರಿಸಲು ಆಳಿಲ್ಲ, ರೋಣಗಲ್ಲಿಗೆ ಕಟ್ಟಲು ಎತ್ತಿಲ್ಲ ಎಂದು ರೈತ ಬಾಂಧವರು ಹೇಳುವುದು ಸುಳ್ಳಲ್ಲ. ಆದರೆ ಆ ಹುಲ್ಲಿನ ಮೇಲೆ ಬರುವ ಕಾರಿನ ಗತಿ ಏನೆಂಬುದನ್ನೂ ನೋಡಬೇಕು.

ಓಡುವ ಕಾರು ತಾನಾಗಿ ನಿಲ್ಲದು. ಬ್ರೇಕು ಹಿಡಿಯುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಕಾರು ಮುಂದಕ್ಕೆ ಹೋಗುವುದೂ ತಿರುವಿನಲ್ಲಿ ತಿರುಗುವುದೂ ಈ ಘರ್ಷಣೆಯಿಂದಲೇ. ಕೆಸರುಗದ್ದೆಯಲ್ಲಿ ಟ್ರಾಕ್ಟರಿನ ಚಕ್ರ ನಿಂತಲ್ಲೇ ಸುತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಲೆಕ್ಕ ನೋಡಿ. ಒಣ ಡಾಂಬರಿನ ಮೇಲೆ ಈ ಹಿಡಿತ ಕಾರಿನ ತೂಕದ ನೂರಕ್ಕೆ 70ರಷ್ಟು, ಹುಲ್ಲಿನ ಮೇಲೆ 30ರಷ್ಟು ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಹುಲ್ಲಿನ ಮೇಲೆ 47 ಮೀಟರು ಬೇಕು. ಚಾಲಕ ಕಂಡು ಕಾಲಿಡುವ ಒಂದು ಸೆಕೆಂಡಿನಲ್ಲೇ ಕಾರು 17 ಮೀಟರು ಮುಂದೆ ಹೋಗಿರುತ್ತದೆ, ಅದು ಬೇರೆ. ವೇಗ 30ಕ್ಕೆ ಇಳಿದರೆ ಬ್ರೇಕಿನ ದೂರ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಭಾರದ ಗಾಡಿ ಚೆನ್ನಾಗಿ ಕಚ್ಚಿ ನಿಲ್ಲುತ್ತದೆಂಬ ನಂಬಿಕೆಯೂ ಸರಿಯಲ್ಲ. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುವುದು ನಿಜ, ತಡೆಯಬೇಕಾದ ಓಟದ ರಭಸವೂ ಅಷ್ಟೇ ಹೆಚ್ಚುತ್ತದೆ.

ಉದುರಿದ ರಾಗಿಕಾಳು ಸೈಕಲ್ ಚಕ್ರದೊಳಗಿನ ಗುಂಡುಗಳಂತೆ ಟೈರಿನಡಿ ಉರುಳುತ್ತದೆ. ನಾಲ್ಕು ಚಕ್ರದ ಕಾರು ಜಾರಿದರೂ ನೆಟ್ಟಗೆ ನಿಂತೀತು, ಬೈಕು ಮಲಗಿಯೇ ಬಿಡುತ್ತದೆ. ಹುರುಳಿ ಬಳ್ಳಿಯ ಮೇಲೆ ಬ್ರೇಕು ಒತ್ತಿ ಮೊಣಕೈ ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವ ಅಪಾಯವೂ ಉಂಟು.

ರಸ್ತೆಯ ರಾಗಿಗೆ ಮಣ್ಣು, ಕಲ್ಲು ಸೇರಿ ಬೆಲೆ ಇಳಿಯುವುದು ನಿಮಗೇ ಗೊತ್ತು. ರಾಜ್ಯದಲ್ಲಿ 2014-15ರಿಂದ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರ ನಿಮ್ಮ ಹೋಬಳಿಯಲ್ಲಿದ್ದರೆ ಒಕ್ಕಣೆ ಯಂತ್ರದ ಬಾಡಿಗೆ ವಿಚಾರಿಸಿರಿ. ನಾಲ್ಕು ಮನೆಯವರು ಒಂದೇ ದಿನಕ್ಕೆ ಗೊತ್ತುಮಾಡಿಕೊಂಡರೆ ಯಂತ್ರ ಓಡಾಡುವ ಖರ್ಚು ಹಂಚಿಹೋಗುತ್ತದೆ. ಈಗಾಗಲೇ ರಸ್ತೆಯಲ್ಲಿ ಹರಡಿದವರು ಕತ್ತಲಾಗುವ ಮೊದಲೇ ಹುಲ್ಲು, ಕಾಳು ಬಳಿದು ತೆಗೆಯಿರಿ. ಬೆಳೆಗೆ ಕಾವಲಾಗಿ ಸಾಲಿಟ್ಟ ಕಲ್ಲುಗಳನ್ನೂ ಮರೆಯದೆ ಎತ್ತಿಹಾಕಿರಿ.