ಹಗಲಿನಲ್ಲಿ ಇರುಳಾಗುವ ಮಕ್ಕಳು

ನಸುಕಿನ ಮೂರು ಗಂಟೆ. ಬೀದಿಯೆಲ್ಲ ಮಲಗಿರುವಾಗ ಒಂದು ಮನೆಯಲ್ಲಿ ಮಾತ್ರ ದೀಪ ಹೊತ್ತಿಕೊಳ್ಳುತ್ತದೆ. ಆರು ವರ್ಷದ ಮಗು ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದೆ. ಗದರಿಸಿದರೂ, ಮುದ್ದಿಸಿದರೂ ಅದು ಮತ್ತೆ ಮಲಗದು. ಅದೇ ಮಗು ಮಧ್ಯಾಹ್ನ, ತುತ್ತು ಬಾಯಲ್ಲಿರುವಾಗಲೇ ತೂಕಡಿಸಿ ಒರಗುತ್ತದೆ. "ಮುದ್ದು ಹೆಚ್ಚಾಯಿತು" ಎಂದು ನೆರೆಹೊರೆಯವರು ತೀರ್ಪು ಕೊಡುತ್ತಾರೆ. ಅವರಿಗೇನು, ರಾತ್ರಿಯೆಲ್ಲ ನಿದ್ರಿಸಿ ಎದ್ದವರು!

ಸ್ಮಿತ್–ಮಜೆನಿಸ್ ಎಂಬ ಅಪರೂಪದ ತೊಂದರೆಯಿರುವ ಮಕ್ಕಳ ಮನೆಗಳಲ್ಲಿ ಇದು ದಿನನಿತ್ಯದ ನೋಟ. 1982ರಲ್ಲಿ ಅಮೆರಿಕದ ಆನ್ ಸ್ಮಿತ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ಇಂತಹ ಬಹುಪಾಲು ಮಕ್ಕಳಲ್ಲಿ ಹದಿನೇಳನೆಯ ವರ್ಣತಂತುವಿನ ಒಂದು ಸಣ್ಣ ತುಣುಕು ಇರುವುದಿಲ್ಲ. ಮಾತು ತಡವಾಗಿ ಬರುತ್ತದೆ; ಬುದ್ಧಿಯ ಬೆಳವಣಿಗೆ ನಿಧಾನ. ಸಾಮಾನ್ಯವಾಗಿ ಇದು ತಾಯಿತಂದೆಯರಿಂದ ಬಂದುದಲ್ಲ, ಅವರ ಯಾವ ತಪ್ಪಿನ ಫಲವೂ ಅಲ್ಲ. ವಿಚಿತ್ರವೆಂದರೆ, ಹಸುಗೂಸಾಗಿದ್ದಾಗ ಈ ಮಕ್ಕಳು ಬಲು ಸಾಧು. ಹಾಲು ಕುಡಿಸಲು ಅವರನ್ನು ಎಬ್ಬಿಸಬೇಕಾಗುವುದುಂಟು.

ಹಾಗಾದರೆ ಇರುಳು ಕೆಟ್ಟದ್ದು ಎಲ್ಲಿ? ಮಿದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿದೆ. ಕತ್ತಲಾದೊಡನೆ ಅದು ಮೆಲಟೋನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ದೇಹಕ್ಕೆ ರಾತ್ರಿಯಾಯಿತೆಂಬ ಸುದ್ದಿ ಮುಟ್ಟುತ್ತದೆ. ಇದನ್ನು 1958ರಲ್ಲಿ ದನಗಳ ಗ್ರಂಥಿಗಳಿಂದ ಬೇರ್ಪಡಿಸಿದ ಆರನ್ ಲರ್ನರ್ ನಿದ್ರೆಯ ತಜ್ಞರಲ್ಲ, ಚರ್ಮದ ವೈದ್ಯರು! 2001ರಲ್ಲಿ ಪ್ಯಾರಿಸಿನ ಎಲೆನ್ ದ ಲೀರ್ಸ್ನಿದೆರ್ ಮತ್ತು ಸಂಗಡಿಗರು ಸ್ಮಿತ್–ಮಜೆನಿಸ್ ಮಕ್ಕಳಲ್ಲಿ ಈ ರಸವನ್ನು ಅಳೆದು ತೋರಿಸಿದ ಸಂಗತಿ ಬೆರಗುಗೊಳಿಸುವಂಥದು: ರಸ ಉಕ್ಕುತ್ತಿದ್ದುದು ಹಗಲಿನಲ್ಲಿ, ಇಳಿಯುತ್ತಿದ್ದುದು ರಾತ್ರಿಯಲ್ಲಿ. ಮಗುವಿನ ಹಟವೆಂದು ಕಂಡದ್ದು ತಲೆಕೆಳಗಾದ ಗಡಿಯಾರವಾಗಿತ್ತು.

ಕಾರಣ ತಿಳಿದ ಮೇಲೆ ಉಪಾಯವೂ ಹೊಳೆಯಿತು. ಹೃದ್ರೋಗಕ್ಕೂ ರಕ್ತದೊತ್ತಡಕ್ಕೂ ಕೊಡುವ 'ಬೀಟಾ ತಡೆ' ಔಷಧಿಗಳು ಪೀನಿಯಲ್ ಗ್ರಂಥಿಯನ್ನೂ ಸುಮ್ಮನಿರಿಸುತ್ತವೆ. ಬೆಳಿಗ್ಗೆ ಅದನ್ನು ಕೊಟ್ಟು ಹಗಲಿನ ರಸವನ್ನು ತಡೆದರು. ಸಂಜೆ ನಿಧಾನವಾಗಿ ಕರಗುವ ಮೆಲಟೋನಿನ್ ಕೊಟ್ಟರು. 2003ರ ಆ ಪ್ರಯೋಗಕ್ಕೆ ಒಳಗಾದವರು ಕೆಲವೇ ಮಕ್ಕಳು. ಆದರೆ ಅವರ ನಿದ್ರೆ ದೀರ್ಘವಾಯಿತು, ಹಗಲಿನ ನಡತೆಯೂ ತಿಳಿಯಾಯಿತು. ಇದನ್ನೋದಿ ಯಾರೂ ಅಂಗಡಿಯಿಂದ ಗುಳಿಗೆ ತಂದು ಕೊಡತಕ್ಕದ್ದಲ್ಲ. ಉಬ್ಬಸವಿರುವ ಮಗುವಿಗೆ ಬೆಳಗಿನ ಆ ಔಷಧಿಯೇ ಕುತ್ತಾದೀತು. ತಜ್ಞ ವೈದ್ಯರು ಪರೀಕ್ಷಿಸಿಯೇ ನಿರ್ಧರಿಸಬೇಕು.

ಔಷಧಿಯಿಂದ ಎಲ್ಲ ರಾತ್ರಿಗಳೂ ನೆಟ್ಟಗಾಗುವುದಿಲ್ಲ. ಮಗುವಿನ ಕೋಣೆಯಲ್ಲಿ ಒಡೆಯುವ, ಚುಚ್ಚುವ ವಸ್ತುಗಳಿರಬಾರದು. ಕಿಟಕಿಗೆ ದಪ್ಪ ಪರದೆ ಬೇಕು. ಮನೆಯ ಹಿರಿಯರು ಸರದಿ ಹಾಕಿಕೊಳ್ಳುವುದು ಲೇಸು: ಇಂದು ತಾಯಿ ಎಚ್ಚರವಿದ್ದರೆ, ನಾಳೆ ತಂದೆ.